ತೊಳೆದ ಮೇಲೆ ಮೂಡುವ ಕಲೆ: ಉಣ್ಣೆಯ ರತ್ನಗಂಬಳಿ ಕಲಿಸಿದ ಲೆಕ್ಕ

ದೀಪಾವಳಿಯ ಲಕ್ಷ್ಮೀಪೂಜೆಗೆ ಮುನ್ನ ಅಂಗಡಿ, ಕಚೇರಿ, ಷೋರೂಮುಗಳನ್ನು ಶುಚಿಗೊಳಿಸುವ ಪದ್ಧತಿ ನಮ್ಮ ವ್ಯಾಪಾರಿ ಬಾಂಧವರಲ್ಲಿ ಹಿಂದಿನಿಂದಲೂ ನಡೆದುಬಂದಿದೆ. ಈ ಸಂದರ್ಭದಲ್ಲಿ ನೆಲಕ್ಕೆ ಹಾಸಿದ ಉಣ್ಣೆಯ ರತ್ನಗಂಬಳಿಯನ್ನೂ ತೊಳೆಸುತ್ತೇವೆ. ತೊಳೆದ ದಿನ ಹೊಸದರಂತೆ ಕಂಡ ಕಂಬಳಿಯ ಮೇಲೆ ಎರಡು ಮೂರು ದಿನಗಳಲ್ಲಿ ಮೊದಲು ಇಲ್ಲದ ಕಲೆಗಳು ಮೂಡಿದರೆ, ತೊಳೆದವನೇ ಕೆಡಿಸಿದನೆಂಬ ತೀರ್ಮಾನಕ್ಕೆ ಬರುವುದು ಸಹಜ. ನಾನೂ ಹಾಗೆಯೇ ತೀರ್ಮಾನಿಸಿ, ಒಬ್ಬ ಸಣ್ಣ ಉದ್ಯಮಿಯ ಬಿಲ್ಲಿನ ಅರ್ಧ ಹಣವನ್ನು ತಡೆಹಿಡಿದಿದ್ದೆ. ಅದರ ವೃತ್ತಾಂತವನ್ನು ಸದಸ್ಯರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ನನ್ನ ಕಚೇರಿಯಲ್ಲಿರುವುದು ಉತ್ತರ ಪ್ರದೇಶದ ಭದೋಹಿಯ ಕಂಬಳಿ. ಆ ಪ್ರದೇಶದ ಕೈಮಗ್ಗದ ಕಂಬಳಿಗಳಿಗೆ 2010ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದೆ. ನನ್ನದು ಟಫ್ಟಿಂಗ್ ವಿಧಾನದ್ದು: ಹತ್ತಿಯ ಬಟ್ಟೆಗೆ ಉಣ್ಣೆಯ ಎಳೆಗಳನ್ನು ಚುಚ್ಚಿ, ಹಿಂಬದಿಗೆ ಲೇಟೆಕ್ಸ್ ಅಂಟು ಬಳಿದು, ಮತ್ತೊಂದು ಬಟ್ಟೆ ಹೊದಿಸಿದ್ದಾರೆ. ಮೇಲಿನಿಂದ ಸುರಿದ ನೀರು ಹಿಂಬದಿಯಿಂದ ಹೊರಹೋಗಲು ಈ ಅಂಟು ಬಿಡುವುದಿಲ್ಲ. ಕೊಳ್ಳುವಾಗ ನಾನು ವಿಚಾರಿಸಿದ್ದು ದರವನ್ನು ಮಾತ್ರ.

2023ರ ದೀಪಾವಳಿಗೆ ಮುನ್ನ ತೊಳೆಸಿದಾಗ ಮೂರು ಬಗೆಯ ಕಲೆಗಳು ಕಾಣಿಸಿಕೊಂಡವು. ಪೂಜೆಯ ಮೂಲೆಯಲ್ಲಿ, ತೊಳೆಯುತ್ತಿರುವಾಗಲೇ, ರಕ್ತದಂಥ ಕೆಂಪು. ಮಾರನೆಯ ದಿನ ಕಕ್ಷಿದಾರರು ಕೂರುವ ಕಡೆ ಕಂದು ಬಣ್ಣದ ಉಂಗುರ. ಮೂರನೆಯ ದಿನ ಅಂಚಿನುದ್ದಕ್ಕೂ ಹಳದಿಮಿಶ್ರಿತ ಕಂದು ಛಾಯೆ.

ಕೆಂಪು ಕಲೆಯ ಗುಟ್ಟು ನಮ್ಮ ಮನೆಯ ಹೆಣ್ಣುಮಕ್ಕಳಿಗೆಲ್ಲ ತಿಳಿದದ್ದೇ. ಅರಿಸಿನದ ನೀರಿಗೆ ಸುಣ್ಣ ಬೆರೆಸಿದರೆ ಓಕುಳಿಯಾಗುತ್ತದೆ. ಹಿಂದಿನ ಪೂಜೆಗಳಲ್ಲಿ ಉದುರಿದ ಅಕ್ಷತೆಯ ಅರಿಸಿನ ಎಳೆಗಳ ನಡುವೆ ಉಳಿದಿತ್ತು. ಕ್ಷಾರಯುಕ್ತ ಸೋಪಿನ ಪುಡಿ ತಗುಲಿದೊಡನೆ ಅದು ಕೆಂಪಾಯಿತು. ಒಂದು ಪಾಲು ಬಿಳಿ ವಿನೆಗರಿಗೆ ನಾಲ್ಕು ಪಾಲು ನೀರು ಬೆರೆಸಿ ಬಟ್ಟೆಯಿಂದ ಒತ್ತಿದಾಗ ಮರಳಿ ಹಳದಿಯಾಯಿತು. ಅರಿಸಿನದ ಹಳದಿ ಬೆಳಕಿಗೆ ಮಾಸುವ ಬಣ್ಣವಾದ್ದರಿಂದ, ಉಳಿದದ್ದನ್ನು ಕಿಟಕಿಯ ಬಿಸಿಲು ಬಹುಮಟ್ಟಿಗೆ ಅಳಿಸಿತು. ಕಂಬಳಿಯ ಸ್ವಂತ ಬಣ್ಣವೂ ಬಿಸಿಲಿಗೆ ಮಾಸಬಹುದಾದ ಕಾರಣ ಇಲ್ಲಿ ನಿಗಾ ಅಗತ್ಯ.

ಕಂದು ಉಂಗುರ ಮಾತ್ರ ಸಂಪೂರ್ಣ ನನ್ನ ಖಾತೆಗೆ ಸೇರಬೇಕಾದದ್ದು. ಹಿಂದೊಮ್ಮೆ ಅಲ್ಲಿ ಕಾಫಿ ಚೆಲ್ಲಿತ್ತು. ಸಹಾಯಕ ಮೇಲ್ಮೈಯನ್ನು ಒರೆಸಿದ. ತಳಕ್ಕಿಳಿದ ಕಾಫಿ ಅಲ್ಲಿಯೇ ಒಣಗಿತು. ತೊಳೆದ ನೀರು ಅದನ್ನು ಕರಗಿಸಿತು. ಕಂಬಳಿ ಒಣಗುವುದು ಎಳೆಗಳ ತುದಿಯಿಂದ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಎಳೆಗಳು ತಳದ ನೀರನ್ನು ಎಳೆದವು. ನೀರು ಆವಿಯಾಯಿತು, ಕಾಫಿ ತುದಿಯಲ್ಲಿ ಉಳಿಯಿತು. ಇದಕ್ಕೆ ಮತ್ತೆ ಬಕೆಟ್ಟುಗಟ್ಟಲೆ ನೀರು ಸುರಿದರೆ ಅದೇ ಕಥೆ ಪುನರಾವರ್ತನೆಯಾಗುತ್ತದೆ. ಕಲೆಯನ್ನು ಅಲ್ಪ ನೀರಿನಿಂದ ತೇವಗೊಳಿಸಿ, ಬಿಳಿಯ ಹತ್ತಿಬಟ್ಟೆಯನ್ನು ಹಲವು ಪದರವಾಗಿ ಮಡಚಿ ಹರಡಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಸಿ, ಭಾರ ಹೇರಿ ರಾತ್ರಿಯಿಡೀ ಬಿಡಬೇಕು. ಮೇಲೇರುವ ಕಲೆ ಎಳೆಯ ತುದಿಯನ್ನು ದಾಟಿ ಬಟ್ಟೆಗೆ ಸೇರುತ್ತದೆ. ಹಳೆಯ ಲೆಡ್ಜರುಗಳನ್ನು ಭಾರಕ್ಕಿಟ್ಟೆ. ಗಣಕಯಂತ್ರ ಬಂದ ಮೇಲೆ ಅವು ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಅಂಚಿನ ಛಾಯೆಗೆ ಕಾರಣ ಕೊಳೆಯಲ್ಲ, ಕಂಬಳಿಯ ಒಡಲೇ. ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಹೀರಿಯೂ ಕೈಗೆ ಒದ್ದೆಯೆನಿಸುವುದಿಲ್ಲ. ಆದ್ದರಿಂದ ಒಣಗಿತೆಂದು ಮೋಸಹೋಗುತ್ತೇವೆ. ತಳದಲ್ಲಿರುವ ಹತ್ತಿ ಅಥವಾ ಸೆಣಬು ದೀರ್ಘಕಾಲ ಒದ್ದೆಯಿದ್ದಾಗ, ವಿಶೇಷತಃ ಕ್ಷಾರದ ಸಂಗಡ, ಅದರಿಂದ ಕಂದು ಬಣ್ಣ ಬಿಟ್ಟು ಮೇಲೇರುತ್ತದೆ. ಸೆಣಬಿನಲ್ಲಿ ಇದು ಹೆಚ್ಚು. ತೊಳೆದಾತ ನೀರು ಹೆಚ್ಚು ಬಳಸಿದ್ದ, ನಿಜ. ಆದರೆ ಆತ ಫ್ಯಾನುಗಳನ್ನು ರಾತ್ರಿಯಿಡೀ ಓಡಿಸಬೇಕೆಂದು ಹೇಳಿಹೋಗಿದ್ದ. ವಿದ್ಯುತ್ ಬಿಲ್ಲಿನ ಚಿಂತೆಯಲ್ಲಿ ಅವನ್ನು ನಿಲ್ಲಿಸಿ, ಕಿಟಕಿ ಭದ್ರಪಡಿಸಿ ಮನೆಗೆ ಹೋದವನು ನಾನು. ಈ ಕಲೆಗೂ ಅದೇ ತೆಳು ವಿನೆಗರನ್ನು ಲಘುವಾಗಿ ಸಿಂಪಡಿಸಿ, ಒತ್ತಿ ಹೀರಿಸಿ, ಗಾಳಿಯಲ್ಲಿ ಬೇಗನೆ ಒಣಗಿಸಿದರೆ ಬಹುಪಾಲು ಇಳಿಯುತ್ತದೆ. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಬೇಕು. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ ಪರಿಣತರಿಗೆ ಒಪ್ಪಿಸುವುದು ಕ್ಷೇಮ.

ಕ್ಲೋರಿನ್ ಬ್ಲೀಚಿನ ಸಹವಾಸ ಸರ್ವಥಾ ಕೂಡದು. ಉಣ್ಣೆ ಕೂದಲಿನಂತೆ ಪ್ರೋಟೀನು. ಬ್ಲೀಚು ಅದನ್ನು ಹಳದಿಗೊಳಿಸಿ ಕರಗಿಸಿಯೇ ಬಿಡುತ್ತದೆ. ವಿನೆಗರಿನೊಡನೆ ಬೆರೆತರೆ ವಿಷಾನಿಲವೂ ಹೊರಡುತ್ತದೆ. ಒದ್ದೆ ಕಂಬಳಿಯ ಮೇಲೆ ಕಬ್ಬಿಣದ ಅಲ್ಮೇರಾ ಇಟ್ಟರೆ ತುಕ್ಕಿನ ಕಲೆ ಬೇರೆ. ಸೋಪನ್ನು ಪೂರ್ಣ ತೆಗೆಯದಿದ್ದರೆ ಅದರ ಅಂಟಿಗೆ ಧೂಳು ಹತ್ತಿ, ಕೆಲವು ವಾರಗಳಲ್ಲಿ ಓಡಾಡುವ ದಾರಿ ಕಪ್ಪಾಗುತ್ತದೆ.

ಇಲ್ಲಿ ನನ್ನ ವೃತ್ತಿಯ ಒಂದು ಮಾತು. ಈ ವ್ಯವಹಾರಗಳು ಬಹುತೇಕ ಬಾಯಿಮಾತಿನಲ್ಲೇ ನಡೆಯುತ್ತವೆ. ಕೆಲಸಕ್ಕೆ ಮುನ್ನ ಉಭಯತರೂ ಕೂಡಿ ಕಂಬಳಿಯನ್ನು ಪರಿಶೀಲಿಸಿ, ಮೊಬೈಲಿನಲ್ಲಿ ಚಿತ್ರ ತೆಗೆದು, ಹಿಂದೆ ಚೆಲ್ಲಿದ್ದೇನು, ತಳ ಯಾವುದರದು, ಒಣಗಿಸುವ ಹೊಣೆ ಯಾರದು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದುಕೊಳ್ಳಬೇಕು. ಸ್ವಲ್ಪ ಹಣವನ್ನು ಮೂರನೆಯ ದಿನದ ಮರುಪರಿಶೀಲನೆಯವರೆಗೆ ಉಳಿಸಿಕೊಳ್ಳುವುದು ತಪ್ಪಲ್ಲ. ಆದರೆ ಅದು ಮುಂಚೆಯೇ ಒಪ್ಪಿದ ಷರತ್ತಾಗಿರಬೇಕು, ನಾನು ಮಾಡಿದಂತೆ ಕೋಪದ ಕಡಿತವಾಗಬಾರದು.

ಹತ್ತು ದಿನಗಳ ತರುವಾಯ ಆತನನ್ನು ಕರೆಸಿ ಬಾಕಿಯನ್ನು ಪೂರ್ತಿ ಪಾವತಿಸಿದೆ. ಆತ ಸೋಪಿನ ಪುಡಿ ಬಿಟ್ಟು ಉಣ್ಣೆಗೆ ಒಗ್ಗುವ, ಕ್ಷಾರವಿಲ್ಲದ ದ್ರಾವಣಕ್ಕೆ ಬದಲಾದ. ಈಗಲೂ ನಮ್ಮ ಕಂಬಳಿ ತೊಳೆಯುವವನು ಆತನೇ. ಕಾಫಿಯ ಉಂಗುರದ ಒಂದು ಅಂಚು ಇನ್ನೂ ತೆಳುವಾಗಿ ಕಾಣುತ್ತದೆ. ಅದರ ಮೇಲೆ ಕಕ್ಷಿದಾರರ ಕುರ್ಚಿಯನ್ನು ಇಟ್ಟಿದ್ದೇನೆ.