ಟೂಶೇ: ಪೆಟ್ಟು ತಿಂದವರು ಆಡುವ ಮಾತು

ವಾದ ಕಾವೇರಿದಾಗ ಎದುರಿನವರ ಉತ್ತರ ಸರಿಯಾಗಿ ನಾಟಿತೆಂದರೆ ಇಂಗ್ಲಿಷ್ ಬಲ್ಲವರು ‘ಟೂಶೇ’ ಎನ್ನುತ್ತಾರೆ. ಈ ಮಾತು ಆಡಬೇಕಾದವರು ಗೆದ್ದವರಲ್ಲ, ಪೆಟ್ಟು ತಿಂದವರು. ಚುರುಕಾಗಿ ಉತ್ತರ ಕೊಟ್ಟವರೇ ಎದೆಯುಬ್ಬಿಸಿ ‘ಟೂಶೇ’ ಎಂದರೆ ಆ ಪದದ ಸತ್ವವೇ ಹೋಯಿತು.

ಪದ ಬಂದಿದ್ದು ಫ್ರೆಂಚ್ ಕತ್ತಿವರಸೆಯಿಂದ. ಅರ್ಥ ಇಷ್ಟೇ: ‘ತಾಗಿತು’.

ಫಾಯಿಲ್ ಎಂಬ ತೆಳು ಕತ್ತಿಯ ಆಟದಲ್ಲಿ ಮೊಂಡು ಮೊನೆ ಎದುರಾಳಿಯ ಮುಂಡಕ್ಕೆ ತಾಗಿದರೆ ಮಾತ್ರ ಅಂಕ. ಮೊನೆಯ ವೇಗವನ್ನು ಕಣ್ಣು ಹಿಂಬಾಲಿಸುವುದೇ ಕಷ್ಟ. ಹಿಂದೆ ಒಬ್ಬ ಅಧ್ಯಕ್ಷ, ನಾಲ್ವರು ತೀರ್ಪುಗಾರರು ಸುತ್ತ ನಿಂತು ನೋಡುತ್ತಿದ್ದರು. ಆದರೂ ಅನುಮಾನ ಉಳಿಯುತ್ತಿತ್ತು. ತಾಗಿದ್ದು ಖಚಿತವಾಗಿ ಗೊತ್ತಿರುತ್ತಿದ್ದುದು ತಾಗಿಸಿಕೊಂಡವನಿಗೆ. ಅವನೇ ಬಾಯಿಬಿಟ್ಟು ಒಪ್ಪಿಕೊಳ್ಳುವುದು ಮರ್ಯಾದೆ ಎನಿಸಿತ್ತು. 1600ರ ಆಸುಪಾಸಿನ ‘ಹ್ಯಾಮ್ಲೆಟ್’ ನಾಟಕದ ಕೊನೆಯ ಕಾಳಗದಲ್ಲೂ ಹ್ಯಾಮ್ಲೆಟ್‌ನ ಎದುರಾಳಿ ಲೇರ್ಟಿಸ್ ತನಗೆ ಕತ್ತಿ ತಾಗಿದ್ದನ್ನು ಹೀಗೆಯೇ ಒಪ್ಪಿಕೊಳ್ಳುತ್ತಾನೆ, ಅದೂ ವಿಷ ಸವರಿದ ಕತ್ತಿ ಹಿಡಿದು ಮೋಸದ ಆಟಕ್ಕಿಳಿದವನು! ಫ್ರೆಂಚ್ ಪದ ಇಂಗ್ಲಿಷಿನ ಮಾತುಕತೆಗೆ ಇಳಿದದ್ದು ಬಹಳ ತಡವಾಗಿ, 20ನೇ ಶತಮಾನದ ಆರಂಭದಲ್ಲಿ.

ಇಂಗ್ಲಿಷಿಗೆ ಕತ್ತಿವರಸೆಯ ಸಾಲ ಇನ್ನೂ ಇದೆ. ಹಿಡಿಯ ಬಳಿಯ ಗಟ್ಟಿ ಅರ್ಧ ‘ಫೋರ್ಟ್’, ತುದಿಯ ಕಡೆಯ ಬಳುಕುವ ಅರ್ಧ ‘ಫಾಯ್ಬಲ್’. ಇವೇ ಮನುಷ್ಯರ ಶಕ್ತಿಗೂ ದೌರ್ಬಲ್ಯಕ್ಕೂ ಹೆಸರಾದವು.

1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಎಪೆ ಎಂಬ ಇನ್ನೊಂದು ಬಗೆಯ ಕತ್ತಿಗೆ ವಿದ್ಯುತ್ ಬಂತು. ಈಗಿನ ನಿಯಮದಂತೆ ಎಪೆಯ ತುದಿಯ ಸ್ಪ್ರಿಂಗ್ ಗುಂಡಿಯ ಮೇಲೆ 750 ಗ್ರಾಂ ಒತ್ತಡ ಬಿದ್ದರೆ ದೀಪ ಹತ್ತುತ್ತದೆ. ಅಲಗಿನ ಕಾಲುವೆಯಲ್ಲಿ ಸಾಗುವ ತಂತಿ ಆಟಗಾರನ ತೋಳಿನೊಳಗಿಂದ ಬೆನ್ನಿಗೆ, ಅಲ್ಲಿಂದ ಯಂತ್ರಕ್ಕೆ ಸೇರುತ್ತದೆ. ಒಪ್ಪಿಕೊಳ್ಳುವ ಕೆಲಸವನ್ನು ಯಂತ್ರ ವಹಿಸಿಕೊಂಡಿತು. ಪ್ರಾಮಾಣಿಕತೆಯನ್ನು ಮಾತ್ರ ಅದು ತರಲಾರದು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ, ಕತ್ತಿವರಸೆಯೂ ಸೇರಿದ ಐದು ಆಟಗಳ ಸ್ಪರ್ಧೆಯಾದ ಪೆಂಟಾಥ್ಲಾನ್‌ನ ಸೋವಿಯತ್ ಪಟು ಬೋರಿಸ್ ಒನಿಶ್ಚೆಂಕೊ ಕತ್ತಿಯ ಹಿಡಿಯಲ್ಲೇ ಸ್ವಿಚ್ ಅಡಗಿಸಿಕೊಂಡಿದ್ದ. ಬ್ರಿಟನ್ನಿನ ಜಿಮ್ ಫಾಕ್ಸ್‌ಗೆ ಮೊನೆ ತಾಗದೆಯೇ ದೀಪ ಹತ್ತಿತು. ಫಾಕ್ಸ್ ಪ್ರತಿಭಟಿಸಿದರು, ಕತ್ತಿಯನ್ನು ಬಿಚ್ಚಿ ನೋಡಲಾಯಿತು, ಒನಿಶ್ಚೆಂಕೊ ಅನರ್ಹಗೊಂಡ. ತಾಗಿದ್ದನ್ನು ತಾನಾಗಿ ಒಪ್ಪಿಕೊಳ್ಳುವ ಆಟದಲ್ಲಿ ತಾಗದ್ದನ್ನು ತಾಗಿತೆಂದು ತೋರಿಸುವುದಕ್ಕಿಂತ ದೊಡ್ಡ ಅಪಚಾರ ಇನ್ನೊಂದಿಲ್ಲ.

ತಂತಿ ಸಿಕ್ಕಿಸಿಕೊಳ್ಳದ ಅಭ್ಯಾಸದ ಆಟಗಳಲ್ಲಿ ಮಾತ್ರ ಹಳೆಯ ಪದ್ಧತಿ ಇಂದಿಗೂ ನಡೆದಿದೆ. ಅಲ್ಲಿ ದೀಪವಿಲ್ಲ, ಹಲವು ಸಲ ತೀರ್ಪುಗಾರರೂ ಇರುವುದಿಲ್ಲ. ಮೊನೆ ತಾಗಿಸಿಕೊಂಡವರೇ ಆಟ ನಿಲ್ಲಿಸಿ, ತಾಗಿತೆಂದು ಹೇಳಿ, ಎದುರಾಳಿಗೆ ಅಂಕ ಬಿಟ್ಟುಕೊಡುತ್ತಾರೆ.