ಗಾಳಿ ಹಸನು ಮಾಡುವ ಬ್ಯಾಟರಿ

ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದಂಥ ತೊಗರಿ ಸೀಮೆಯ ಊರಲ್ಲಿ ಮೊರ ಹಿಡಿದು ಕಾಳು ಹಸನು ಮಾಡುವುದನ್ನು ಯಾರಿಗೂ ಕಲಿಸಬೇಕಿಲ್ಲ. ಒಂದು ಕಿಲೋ ತೊಗರಿಯೆಂದರೆ ಹೆಚ್ಚುಕಡಿಮೆ 10,000 ಕಾಳು. ಅದರಲ್ಲಿ ನಾಲ್ಕೇ ನಾಲ್ಕು ಹರಳು ಸೇರಿವೆ ಎಂದುಕೊಳ್ಳಿ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದೂ ಇದೇ ಲೆಕ್ಕದಲ್ಲಿ: 10,000 ಅಣುಗಳಿಗೆ ನಾಲ್ಕಕ್ಕಿಂತ ತುಸು ಹೆಚ್ಚು. ಭೂಮಿ ಬಿಸಿಯೇರಲು ಅಷ್ಟು ಸಾಕು. ಆದರೆ ಅದರಲ್ಲಿ ಒಂದು ಟನ್ ಆರಿಸಿ ತೆಗೆಯಲು ಸುಮಾರು 13 ಲಕ್ಷ ಘನ ಮೀಟರ್ ಗಾಳಿಯನ್ನು ಸೋಸಬೇಕು.

ಈ ಅನಿಲವನ್ನು ಹಿಡಿಯುವ ವಿದ್ಯೆ ನಮ್ಮ ಮನೆಗೋಡೆಗೆ ಗೊತ್ತು. ಹಬ್ಬಕ್ಕೆ ಬಳಿದ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿಯೇ ಗಟ್ಟಿಯಾಗುತ್ತದೆ. ಮರಳಿ ಸುಣ್ಣದ ಕಲ್ಲಿನ ಗುಣ ಪಡೆಯುತ್ತದೆ. ಹಿಡಿಯುವುದು ಸುಲಭ, ಬಿಡಿಸುವುದೇ ದುಬಾರಿ. ಆ ಕಲ್ಲು ಅನಿಲವನ್ನು ಬಿಟ್ಟುಕೊಡಬೇಕಾದರೆ ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಗಾಳಿ ಸೋಸುವ ಕೆಲವು ಯಂತ್ರಗಳೂ ಇದೇ ಸುಣ್ಣದ ಚಕ್ರವನ್ನು ನೆಚ್ಚಿವೆ. ಅವುಗಳ ಇಂಧನದ ದೊಡ್ಡ ಪಾಲು ಬೆಂಕಿಗೇ ಹೋಗುತ್ತದೆ.

ಬೆಂಕಿಯ ಕೆಲಸವನ್ನು ಕರೆಂಟಿಗೆ ಒಪ್ಪಿಸಿದರೆ? 2019ರಲ್ಲಿ ಅಮೆರಿಕದ ಎಂಐಟಿಯ ಸಹಾಗ್ ವೊಸ್ಕಿಯನ್ ಮತ್ತು ಅಲನ್ ಹ್ಯಾಟನ್ ಅಂಥದೊಂದು ಬ್ಯಾಟರಿ ಮಾಡಿ ತೋರಿಸಿದರು. ಅದರ ಪಟ್ಟಿಗಳಿಗೆ ಕ್ವಿನೋನ್ ಜಾತಿಯ ರಾಸಾಯನಿಕದ ಲೇಪವಿದೆ. ಚಾರ್ಜ್ ಮಾಡಿದಾಗ ಲೇಪಕ್ಕೆ ಎಲೆಕ್ಟ್ರಾನುಗಳು ಸೇರಿ, ಅದು ಕಾರ್ಬನ್ ಡೈಆಕ್ಸೈಡ್ ಅಣುಗಳನ್ನು ಕಚ್ಚಿ ಹಿಡಿಯುತ್ತದೆ. ಡಿಸ್ಚಾರ್ಜ್ ಮಾಡಿದರೆ ಹಿಡಿತ ಸಡಿಲಿ ಅನಿಲ ಹೊರಬರುತ್ತದೆ. ಭಟ್ಟಿ ಬೇಡ, ಕೋಣೆಯ ಉಷ್ಣತೆಯೇ ಸಾಕು. ಒಂದು ಟನ್ನಿಗೆ ಸುಮಾರು ಒಂದು ಗಿಗಾಜೌಲ್, ಅಂದರೆ ನಮ್ಮ ಮೀಟರಿನ ಲೆಕ್ಕದಲ್ಲಿ 280 ಯುನಿಟ್ ಸಾಕೆಂದು ಅವರು ಅಂದಾಜಿಸಿದರು.

ತೊಡಕೂ ಇದೆ. ಅವರು ಪರೀಕ್ಷಿಸಿದ ಅತಿ ತೆಳುವಾದ ಮಿಶ್ರಣದಲ್ಲೂ ಶೇ. 0.6ರಷ್ಟು ಕಾರ್ಬನ್ ಡೈಆಕ್ಸೈಡ್ ಇತ್ತು. ಬಯಲ ಗಾಳಿಯಲ್ಲಿರುವುದು ಅದರ ಹದಿನಾಲ್ಕನೇ ಒಂದು ಪಾಲು. ಸಾಲದ್ದಕ್ಕೆ ಗಾಳಿಯ ಐದನೇ ಒಂದು ಭಾಗ ಆಮ್ಲಜನಕ. ಚಾರ್ಜ್ ಆದ ಕ್ವಿನೋನಿನ ಎಲೆಕ್ಟ್ರಾನುಗಳನ್ನು ಅದು ನಡುವೆಯೇ ಕಸಿದುಕೊಳ್ಳುತ್ತದೆ.

ನಮ್ಮ ಜಿಲ್ಲೆಗೆ ಇದರಲ್ಲೊಂದು ಪಾಠವಿದೆ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಕಚ್ಚಾವಸ್ತು ಇದೇ ಸುಣ್ಣದ ಕಲ್ಲು. ಶುದ್ಧ ಸುಣ್ಣದ ಕಲ್ಲನ್ನು ಒಂದು ಕ್ವಿಂಟಲ್ ಸುಟ್ಟರೆ ಕಲ್ಲಿನಿಂದಲೇ 44 ಕಿಲೋ ಕಾರ್ಬನ್ ಡೈಆಕ್ಸೈಡ್ ಏಳುತ್ತದೆ, ಕಲ್ಲಿದ್ದಲಿನದು ಬೇರೆ. ಚಿಮಣಿಯ ಹೊಗೆಯಲ್ಲಿ ಈ ಅನಿಲ ಬಯಲ ಗಾಳಿಗಿಂತ ನೂರಾರು ಪಟ್ಟು ದಟ್ಟವಾಗಿರುತ್ತದೆ. ಇಂಥ ಬ್ಯಾಟರಿ ಮೊದಲು ಕೂರಬೇಕಾದದ್ದು ಅಲ್ಲಿ. ಹರಳು ರಾಶಿಗೆ ಬೆರೆಯುವ ಮೊದಲೇ ಕಣದಲ್ಲಿ ತಡೆದರೆ ಮೊರದ ಕೆಲಸ ಅಷ್ಟು ಹಗುರ.