ಹುಸಿ ಹೆಜ್ಜೆಯ ವಿಜ್ಞಾನ

ಆಟದ ಬಯಲಿನಲ್ಲಿ ಬಲಶಾಲಿಯೇ ಗೆಲ್ಲುವನೆಂಬುದು ಜನರ ಸಾಮಾನ್ಯವಾದ ನಂಬಿಕೆ. ಆದರೆ ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಹಳ್ಳಿಗಳಲ್ಲಿ ಕಬಡ್ಡಿ ಪಂದ್ಯ ನಡೆಯುವಾಗ ಅಂಕಣದ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತವರಿಗೆ ಈ ನಂಬಿಕೆ ಸಡಿಲವಾಗದೆ ಇರದು. ಗರಡಿಯಲ್ಲಿ ಪಳಗಿದ ಏಳು ಜನ ದೃಢಕಾಯರ ನಡುವೆ ಸಣಕಲು ಮೈಯ ತರುಣನೊಬ್ಬನು ನುಗ್ಗುತ್ತಾನೆ. ಅತ್ತ ಒಂದು ಹೆಜ್ಜೆ ಹಾಕಿದಂತೆ ಮಾಡಿ ಇತ್ತ ಕಾಲು ಚಾಚುತ್ತಾನೆ. ಇಬ್ಬರನ್ನು ಮುಟ್ಟಿ ಕೂದಲೂ ಕೊಂಕದಂತೆ ಮರಳುತ್ತಾನೆ. ನೋಡಿದವರು ‘ಚಾಲಾಕಿ ಹುಡುಗ’ ಎಂದು ತಲೆದೂಗುವರು. ಆ ಚಾಲಾಕಿಯ ಒಳಗೆ ಅಡಗಿರುವುದಾದರೂ ಏನು? ಅದು ಕೈಚಳಕವೇ, ಅದೃಷ್ಟವೇ, ಅಥವಾ ಕಲಿತು ಕಲಿಸಬಹುದಾದ ಒಂದು ನಿಯಮವೇ? ಈ ಪ್ರಶ್ನೆಯನ್ನು ನಾವು ಇಲ್ಲಿ ವಿಚಾರಿಸೋಣ.

ಅಂಕಣವೂ ಅಳತೆಯೂ

ಮುಂಬಯಿ ಪ್ರಾಂತದ ಕಡೆಯಲ್ಲಿ ಈ ಆಟಕ್ಕೆ ‘ಹುತುತು’ ಎಂಬ ಹೆಸರಿತ್ತು. ೧೯೫೬ರವರೆಗೆ ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯಕ್ಕೆ ಸೇರಿದ್ದುದರಿಂದ ಹೆಸರೂ ವರಸೆಗಳೂ ಎರಡು ನಾಡುಗಳ ನಡುವೆ ಸರಾಗವಾಗಿ ಹರಿದಾಡಿದುದು ಸಹಜವೇ. ೧೯೫೦ರಲ್ಲಿ ಅಖಿಲ ಭಾರತ ಕಬಡ್ಡಿ ಒಕ್ಕೂಟವು ಹುಟ್ಟಿತು. ೧೯೯೦ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಈ ಆಟಕ್ಕೆ ಪದಕದ ಸ್ಥಾನ ದೊರೆಯಿತು. ೨೦೧೪ರಲ್ಲಿ ವೃತ್ತಿಪರ ಪ್ರೊ ಕಬಡ್ಡಿ ಲೀಗ್ ಆರಂಭವಾಯಿತು. ಬೆಂಗಳೂರು ಬುಲ್ಸ್ ತಂಡವು ೨೦೧೯ರ ಜನವರಿಯಲ್ಲಿ ಗುಜರಾತಿನ ತಂಡವನ್ನು ೩೮-೩೩ರಿಂದ ಸೋಲಿಸಿ ಆ ಲೀಗಿನ ಪ್ರಶಸ್ತಿಯನ್ನು ಪಡೆಯಿತು.

ಪುರುಷರ ಅಂಕಣದ ಉದ್ದ ೧೩ ಮೀಟರು, ಅಗಲ ೧೦ ಮೀಟರು. ನಡುಗೆರೆಯಿಂದ ಹಿಂಗೆರೆಯವರೆಗೆ ಒಂದು ತಂಡದ ಪಾಲಿಗೆ ೬.೫ ಮೀಟರು ಮಾತ್ರ. ದಾಳಿಗಾರನು ನಡುಗೆರೆಯಿಂದ ೩.೭೫ ಮೀಟರು ದೂರದ ‘ಬಾಕ್ ಲೈನ್’ ದಾಟಬೇಕು, ಇಲ್ಲವೇ ಯಾರನ್ನಾದರೂ ಮುಟ್ಟಬೇಕು. ಅದಕ್ಕಿಂತ ಒಂದು ಮೀಟರು ಆಚೆಗೆ ಬೋನಸ್ ಗೆರೆಯಿದೆ. ಎದುರು ಆರು ಅಥವಾ ಏಳು ಜನರಿರುವಾಗ ಆ ಗೆರೆಯ ಆಚೆಗೆ ಒಂದು ಪಾದವನ್ನೂರಿ, ಇನ್ನೊಂದನ್ನು ನೆಲದಿಂದ ಎತ್ತಿ ಮರಳಿದರೆ ಒಂದು ಅಂಕ. ಇದೆಲ್ಲಕ್ಕೂ ಇರುವ ಕಾಲ ೩೦ ಸೆಕೆಂಡು, ಉಸಿರು ಒಂದೇ.

ಈ ಅಳತೆಗಳಲ್ಲಿಯೇ ಆಟದ ಗುಟ್ಟಿದೆ. ಬೋನಸ್ ಗೆರೆಯಿಂದ ನಡುಗೆರೆಗೆ ೪.೭೫ ಮೀಟರು. ಸೆಕೆಂಡಿಗೆ ಸರಾಸರಿ ೪ ಮೀಟರು ವೇಗದಲ್ಲಿ ಓಡಿದರೂ ಮರಳಲು ೧.೨ ಸೆಕೆಂಡು ಬೇಕು. ಏಳು ಜನರ ಕೈಗೆ ಅದು ಸಾಕಷ್ಟು ದೀರ್ಘವಾದ ಕಾಲ. ಆದುದರಿಂದ ದಾಳಿಗಾರನು ಓಡಿ ಮಾತ್ರ ಗೆಲ್ಲಲಾರನು. ಎದುರಾಳಿಗಳ ಕಾಲವನ್ನು ಕದ್ದು ಗೆಲ್ಲಬೇಕು.

ಕಣ್ಣಿನಿಂದ ಕಾಲಿಗೆ

ಕಾಲವನ್ನು ಕದಿಯುವುದು ಹೇಗೆ? ಕಣ್ಣು ಒಂದು ಚಲನೆಯನ್ನು ಕಂಡು, ಮೆದುಳು ಅದನ್ನು ಅರ್ಥಮಾಡಿಕೊಂಡು, ಸ್ನಾಯುಗಳಿಗೆ ಆಜ್ಞೆ ಹೋಗಿ, ಅವು ಕೆಲಸಕ್ಕೆ ತೊಡಗುವುದಕ್ಕೆ ಸುಮಾರು ೦.೨ ಸೆಕೆಂಡು ಹಿಡಿಯುವುದು. ಇದು ನಿರೀಕ್ಷಿಸಿದ ಒಂದೇ ಸೂಚನೆಗೆ ಒಂದೇ ಉತ್ತರವಿದ್ದಾಗಿನ ಮಾತು. ‘ಮುಂದೆ ನುಗ್ಗಲೋ, ಹಿಂದೆ ಸರಿಯಲೋ, ಕಾಲಿಗೆ ಬೀಳಲೋ’ ಎಂದು ಆಯ್ಕೆಗಳು ಹೆಚ್ಚಿದಂತೆ ಈ ಅವಧಿಯೂ ಹೆಚ್ಚುವುದು.

ಇನ್ನೊಂದು ಸಂಗತಿ ಇದಕ್ಕಿಂತಲೂ ಸ್ವಾರಸ್ಯವಾದುದು. ಒಂದು ಸೂಚನೆಗೆ ಮನಸ್ಸು ಉತ್ತರವನ್ನು ಸಿದ್ಧಪಡಿಸುತ್ತಿರುವಾಗಲೇ, ಸೆಕೆಂಡಿನ ಮೂರನೆಯ ಒಂದು ಭಾಗದೊಳಗೆ ಎರಡನೆಯ ಸೂಚನೆ ಬಂದರೆ, ಎರಡನೆಯದರ ಉತ್ತರವು ಎಂದಿಗಿಂತ ತಡವಾಗುವುದು. ಟೆಲ್‌ಫೋರ್ಡ್ ಎಂಬ ಮನೋವಿಜ್ಞಾನಿ ೧೯೩೧ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದನು. ಒಬ್ಬನೇ ಗುಮಾಸ್ತನಿರುವ ಕಚೇರಿಯ ಕಿಟಕಿಯಂತೆ ಮನಸ್ಸು ಕೆಲಸಮಾಡುವುದು. ಮೊದಲನೆಯ ಅರ್ಜಿ ಮುಗಿಯದೆ ಎರಡನೆಯದನ್ನು ಅದು ಕೈಗೆತ್ತಿಕೊಳ್ಳದು. ಹುಸಿ ಹೆಜ್ಜೆ ಎಂಬುದು ಆ ಕಿಟಕಿಗೆ ಒಡ್ಡಿದ ಸುಳ್ಳು ಅರ್ಜಿ. ರಕ್ಷಕನ ಮನಸ್ಸು ಅದರಲ್ಲಿ ತೊಡಗಿರುವಾಗ ದಾಳಿಗಾರನ ನಿಜವಾದ ಕಾಲು ಇನ್ನೊಂದು ಕಡೆ ಕೆಲಸ ಮುಗಿಸಿರುವುದು. ಹುಸಿಯ ಮತ್ತು ನಿಜದ ನಡುವಣ ಅಂತರ ತೀರ ಹೆಚ್ಚಾದರೆ ರಕ್ಷಕನು ಚೇತರಿಸಿಕೊಳ್ಳುವನು. ತೀರ ಕಡಿಮೆಯಾದರೆ ಹುಸಿಯು ಅವನ ಕಣ್ಣಿಗೇ ಬೀಳದು. ಪಳಗಿದ ಆಟಗಾರನ ಲಯವೆಂದು ನಾವು ಹೊಗಳುವುದು ಈ ಅಂತರದ ಅರಿವನ್ನೇ.

ವೇಗವೇ ವೈರಿ

ಮನಸ್ಸು ಎಚ್ಚೆತ್ತರೂ ಮೈ ಕೂಡಲೇ ಕೇಳುವುದಿಲ್ಲ. ೭೦ ಕಿಲೋಗ್ರಾಂ ತೂಕದ ರಕ್ಷಕನು ಸೆಕೆಂಡಿಗೆ ೫ ಮೀಟರು ವೇಗದಲ್ಲಿ ಮುಂದೆ ನುಗ್ಗಿದನೆಂದು ಇಟ್ಟುಕೊಳ್ಳೋಣ. ಅವನು ಅರ್ಧ ಸೆಕೆಂಡಿನಲ್ಲಿ ನಿಲ್ಲಬೇಕಾದರೆ ನೆಲವು ಅವನನ್ನು ಹಿಂದಕ್ಕೆ ೭೦೦ ನ್ಯೂಟನ್ ಬಲದಿಂದ ನೂಕಬೇಕು. ಇದು ಹೆಚ್ಚುಕಡಿಮೆ ಅವನ ತೂಕಕ್ಕೆ ಸಮನಾದ ಬಲ. ಈ ಬಲವನ್ನು ಒದಗಿಸುವುದು ಪಾದಕ್ಕೂ ನೆಲಕ್ಕೂ ಇರುವ ಘರ್ಷಣೆ. ಸಡಿಲವಾದ ಮಣ್ಣಿನ ಮೇಲೆ ದೊರೆಯುವ ಘರ್ಷಣೆಯು ತೂಕದ ಅರ್ಧದಷ್ಟೆಂದು ಭಾವಿಸಿದರೆ ಅವನಿಗೆ ನಿಲ್ಲಲು ಒಂದು ಸೆಕೆಂಡು ಬೇಕು. ಅಷ್ಟರಲ್ಲಿ ಎರಡೂವರೆ ಮೀಟರು ಜಾರಿ ಹೋಗಿರುವನು. ೬.೫ ಮೀಟರಿನ ಅಂಕಣದಲ್ಲಿ ಎರಡೂವರೆ ಮೀಟರೆಂದರೆ ಸಣ್ಣ ಮಾತಲ್ಲ.

ಹೀಗಿರಲು ದಾಳಿಗಾರನ ಉಪಾಯ ಸ್ಪಷ್ಟವಾಗುವುದು. ರಕ್ಷಕನು ನಿಂತಿದ್ದರೆ ಅವನು ಯಾವ ದಿಕ್ಕಿಗಾದರೂ ತಿರುಗಬಲ್ಲನು. ಓಡುತ್ತಿದ್ದರೆ ಅವನು ತನ್ನ ವೇಗದ ಸೆರೆಯಾಳು. ಆದುದರಿಂದ ಅವನನ್ನು ಮುಂದೆ ಎಳೆಯಬೇಕು. ದಾಳಿಗಾರನು ಬೆನ್ನು ತಿರುಗಿಸಿ ಮರಳುವಂತೆ ನಟಿಸುವನು. ಮೂಲೆಯ ರಕ್ಷಕನು ಆಸೆಯಿಂದ ಧಾವಿಸುವನು. ಆ ಕ್ಷಣವೇ ಹಿಂದಕ್ಕೆ ಚಾಚಿದ ಕಾಲು ಅವನನ್ನು ಮುಟ್ಟುವುದು, ಅಥವಾ ಅವನು ಬಿಟ್ಟುಬಂದ ಬರಿದಾದ ಜಾಗದಲ್ಲಿ ದಾರಿ ತೆರೆಯುವುದು. ಕೈಕೈ ಹಿಡಿದು ನಿಂತ ಸರಪಳಿಯು ಮುಂದೆ ಬಂದಾಗ ಅದರ ಅಡಿಯಲ್ಲಿ ನುಸುಳುವ ‘ಡುಬ್ಕಿ’ಯೂ ಇದೇ ತತ್ತ್ವದ ವರಸೆ; ಹರಿಯಾಣದ ಪ್ರದೀಪ ನರ್ವಾಲರ ಹೆಸರು ಇದರೊಡನೆ ಬೆಸೆದುಕೊಂಡಿದೆ.

ಕಡಲಾಚೆಯ ಒಂದು ಹೋಲಿಕೆ

ಈ ತತ್ತ್ವವು ನಮ್ಮ ಆಟಕ್ಕೆ ಮಾತ್ರ ಮೀಸಲಲ್ಲ. ಅಮೆರಿಕದ ಫುಟ್‌ಬಾಲಿನಲ್ಲಿ ‘ಸ್ಕ್ರೀನ್ ಪಾಸ್’ ಎಂಬ ತಂತ್ರವಿದೆ. ಅಲ್ಲಿ ತಲಾ ಹನ್ನೊಂದು ಜನರ ಎರಡು ತಂಡಗಳು ಒಂದು ಗೆರೆಯ ಇಬ್ಬದಿಗೂ ನಿಲ್ಲುವುವು. ಚೆಂಡು ಹಿಡಿದ ನಾಯಕನನ್ನು ಕೆಡವಲೆಂದು ಎದುರಾಳಿಗಳು ನುಗ್ಗುವರು. ಆಗ ಅವನು ಚೆಂಡನ್ನು ದೂರಕ್ಕೆ ಎಸೆಯದೆ, ಬದಿಯಂಚಿನಲ್ಲಿ ಗೆರೆಯ ಬಳಿಯೇ ನಿಂತ ‘ವೈಡ್ ರಿಸೀವರ್’ ಎಂಬ ವೇಗದ ಓಟಗಾರನಿಗೆ ಥಟ್ಟನೆ ದಾಟಿಸುವನು. ಅವನ ಮುಂದೆ ಜೊತೆಗಾರರು ಅಡ್ಡಗೋಡೆಯಂತೆ ನಿಂತು ದಾರಿ ಬಿಡಿಸುವರು. ಆ ಮೈದಾನದ ಅಗಲ ಸುಮಾರು ೪೮.೮ ಮೀಟರು. ಸೆಕೆಂಡಿಗೆ ೨೦ ಮೀಟರು ವೇಗದ ಚೆಂಡು ೨೦ ಮೀಟರು ಅಡ್ಡಲಾಗಿ ಹೋಗಲು ಒಂದು ಸೆಕೆಂಡು ಸಾಕು. ಅದೇ ದೂರವನ್ನು ಮನುಷ್ಯನು ಓಡಲು ಸುಮಾರು ಮೂರು ಸೆಕೆಂಡು ಬೇಕು. ನಡುವಿನ ಎರಡು ಸೆಕೆಂಡುಗಳೇ ದಾಳಿಯ ಲಾಭ. ಮುನ್ನುಗ್ಗಿದವರು ಎಷ್ಟು ರಭಸದಿಂದ ಬಂದರೋ ಅಷ್ಟೇ ದೂರವಾಗಿ ಆಟದಿಂದ ಹೊರಗುಳಿಯುವರು.

ಕಬಡ್ಡಿಯಲ್ಲಿ ಚೆಂಡಿಲ್ಲ, ಚೆಂಡಿನ ಕೆಲಸವನ್ನು ದಾಳಿಗಾರನ ಕಾಲೇ ಮಾಡುವುದು. ಮೈಯನ್ನು ಸರಿಸಲು ಬೇಕಾಗುವ ಕಾಲದ ಒಂದು ಅಂಶದಲ್ಲಿಯೇ ಕಾಲನ್ನು ಚಾಚಬಹುದು. ಜೊತೆಗಾರರ ಗೋಡೆಯಿಲ್ಲದಿದ್ದರೂ ಒಬ್ಬ ರಕ್ಷಕನನ್ನು ಇನ್ನೊಬ್ಬನ ದಾರಿಗೆ ಅಡ್ಡವಾಗಿ ಎಳೆದು ತರುವ ಜಾಣ್ಮೆ ಇಲ್ಲಿಯೂ ಉಂಟು.

ರಕ್ಷಕರ ಮರುತಂತ್ರ

ಮೋಸಹೋಗುವುದು ರಕ್ಷಕರ ಹಣೆಯ ಬರಹವೇನೂ ಅಲ್ಲ. ಅವರೂ ಇದೇ ನಿಯಮವನ್ನು ತಿರುಗಿಸಿ ಬಳಸುವರು. ಮೂಲೆಯನ್ನು ಬೇಕೆಂದೇ ತೆರೆದಿಟ್ಟು ದಾಳಿಗಾರನಿಗೆ ಬೋನಸ್ ಗೆರೆಯ ಆಸೆ ತೋರುವರು. ಅವನು ಒಳಗೆ ಬಂದೊಡನೆ, ನಡುವಿನ ಇಬ್ಬರು ಸರಪಳಿಯನ್ನು ಅವನ ಬೆನ್ನ ಹಿಂದೆ ತಂದು ಬಾಗಿಲು ಹಾಕುವರು. ಈಗ ವೇಗದ ಸೆರೆಯಾಳು ದಾಳಿಗಾರನೇ. ಎದುರು ನಿಂತು ಕಾದುವುದಕ್ಕಿಂತ ವೈರಿಯನ್ನು ತನಗೆ ಅನುಕೂಲವಾದ ನೆಲಕ್ಕೆ ಎಳೆದು ತರುವುದು ಲೇಸೆಂಬುದು ಈ ಸೀಮೆಗೆ ಹೊಸ ಪಾಠವಲ್ಲ. ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯ ರಾಯಣ್ಣನು ೧೮೩೦ರ ಸುಮಾರಿಗೆ ಬ್ರಿಟಿಷರ ವಿರುದ್ಧ ನಡೆಸಿದ ಗೆರಿಲ್ಲಾ ಹೋರಾಟವನ್ನು ಇಲ್ಲಿ ನೆನೆಯಬಹುದು.

ಉಸಿರೂ ರಕ್ಷಕರ ಪಕ್ಷದಲ್ಲಿದೆ. ‘ಕಬಡ್ಡಿ, ಕಬಡ್ಡಿ’ ಎನ್ನುವವನು ಉಸಿರು ಕಟ್ಟಿರುವನೆಂದು ಹಲವರು ತಿಳಿದಿರುವರು. ಅದು ಸರಿಯಲ್ಲ; ಉಸಿರು ಕಟ್ಟಿದರೆ ದನಿಯೇ ಹೊರಡದು. ಅವನು ತುಂಬಿಕೊಂಡ ಗಾಳಿಯನ್ನು ಸ್ವಲ್ಪಸ್ವಲ್ಪವಾಗಿ ಹೊರಬಿಡುತ್ತಿರುವನು. ಓಟದಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಂತೆ, ಉಸಿರೆಳೆಯಬೇಕೆಂಬ ಒತ್ತಡವು ತಡೆಯಲಾರದಷ್ಟಾಗುವುದು. ಗಡಿಯಾರವಿಲ್ಲದ ಹಳ್ಳಿಯ ಆಟದಲ್ಲಿ ಈ ಉಸಿರೇ ಗಡಿಯಾರವಾಗಿತ್ತು. ದನಿ ಕುಗ್ಗಿದುದನ್ನು ಕಿವಿಯಿಂದ ತಿಳಿದು, ದಾಳಿಗಾರನು ಮರಳುವ ಕ್ಷಣವನ್ನು ಮೊದಲೇ ಊಹಿಸುವ ರಕ್ಷಕನಿಗೆ ಆ ೦.೨ ಸೆಕೆಂಡಿನ ನಷ್ಟವೇ ಇಲ್ಲ.

ಒಂದೇ ವರಸೆಯ ಕೇಡು

ಹುಸಿ ಹೆಜ್ಜೆ ಇಷ್ಟು ಫಲಕಾರಿಯಾದರೆ ಪ್ರತಿ ದಾಳಿಯಲ್ಲಿಯೂ ಅದನ್ನೇ ಏಕೆ ಬಳಸಬಾರದು? ಉತ್ತರಕ್ಕಾಗಿ ಸ್ವಲ್ಪ ಲೆಕ್ಕ ಬೇಕು. ದಾಳಿಗಾರನಿಗೆ ಎರಡು ದಾರಿಗಳು: ನೇರ ದಾಳಿ, ಹುಸಿ ದಾಳಿ. ರಕ್ಷಕನಿಗೂ ಎರಡು: ನುಗ್ಗುವುದು, ಕಾಯುವುದು. ನುಗ್ಗುವವನೆದುರು ಹುಸಿ ದಾಳಿ ೧೦೦ರಲ್ಲಿ ೬೦ ಸಲ, ನೇರ ದಾಳಿ ೨೦ ಸಲ ಫಲಿಸುವುದೆಂದೂ, ಕಾಯುವವನೆದುರು ಇದು ತಿರುವುಮುರುವಾಗುವುದೆಂದೂ ಊಹಿಸೋಣ. ದಾಳಿಗಾರನು ಯಾವಾಗಲೂ ಹುಸಿಯನ್ನೇ ಹೂಡಿದರೆ ರಕ್ಷಕನು ಕಾಯಲು ಕಲಿಯುವನು; ಫಲ ೨೦ಕ್ಕೆ ಇಳಿಯುವುದು. ಯಾವಾಗಲೂ ನೇರವಾಗಿ ಹೋದರೆ ರಕ್ಷಕನು ನುಗ್ಗುವನು. ಫಲ ಮತ್ತೆ ೨೦. ಎರಡನ್ನೂ ಸಮವಾಗಿ, ಆದರೆ ಯಾವ ಕ್ರಮವೂ ಕಾಣದಂತೆ ಬೆರೆಸಿದರೆ, ರಕ್ಷಕನು ಏನು ಮಾಡಿದರೂ ಫಲ ೪೦ಕ್ಕಿಂತ ಇಳಿಯದು. ಇಂಥ ಬೆರಕೆಯ ಹಿಂದಿರುವ ಪ್ರಮೇಯವನ್ನು ಜಾನ್ ಫಾನ್ ನಾಯ್ಮನ್ ೧೯೨೮ರಲ್ಲಿ ಸಿದ್ಧಪಡಿಸಿದನು. ಅಮೆರಿಕದ ಆಟದಲ್ಲಿಯೂ ಹೀಗೆಯೇ: ಎದುರಾಳಿಯು ಮೊದಲೇ ಊಹಿಸಿ ನಿಂತರೆ ಸ್ಕ್ರೀನ್ ಪಾಸು ಗೆರೆಯ ಹಿಂದೆಯೇ ಮುರಿದು, ಇದ್ದ ನೆಲವೂ ಕೈಬಿಡುವುದು.

ವೃತ್ತಿಪರ ಕಬಡ್ಡಿಯ ನಿಯಮವೊಂದು ಈ ಲೆಕ್ಕವನ್ನು ಬದಲಿಸುವುದು. ಒಂದು ತಂಡದ ಎರಡು ದಾಳಿಗಳು ಸಾಲಾಗಿ ಬರಿದಾದರೆ ಮೂರನೆಯದು ಅಂಕ ತರಲೇಬೇಕು. ಇಲ್ಲವಾದರೆ ದಾಳಿಗಾರನು ಔಟು. ಆಗ ರಕ್ಷಕನಿಗೆ ನುಗ್ಗುವ ಅಗತ್ಯವೇ ಇಲ್ಲ. ಸುಮ್ಮನೆ ಕಾದರೂ ಗೆಲುವು ಅವನದೇ. ಇಂಥ ಹೊತ್ತಿನಲ್ಲಿ ತಾಳ್ಮೆಗೆಟ್ಟು ಮುಂದೆ ಹಾರುವ ರಕ್ಷಕನು ಕೈಗೆ ಬಂದ ಅಂಕವನ್ನು ತಾನಾಗಿಯೇ ಬಿಟ್ಟುಕೊಟ್ಟಂತೆ.

ಮಣ್ಣು, ಚಾಪೆ ಮತ್ತು ಮಂಡಿ

ಇಷ್ಟರವರೆಗೆ ಹೇಳಿದುದು ಗೆಲುವಿನ ಮಾತು. ಇದರಲ್ಲಿ ಗೆಲುವಿಗಿಂತ ದೊಡ್ಡದಾದ ಸಂಗತಿಯೊಂದಿದೆ. ಅದು ಆಟಗಾರನ ಮಂಡಿ.

ಈ ಸೀಮೆಯ ಎರೆಯ ಮಣ್ಣು ಹತ್ತಿಗೂ ಜೋಳಕ್ಕೂ ಒಳ್ಳೆಯದು; ಆಟಕ್ಕೆ ಒಳ್ಳೆಯದಲ್ಲ. ಅದರ ಜೇಡಿಯು ನೀರು ಕುಡಿದರೆ ಉಬ್ಬುವುದು, ಒಣಗಿದರೆ ಬಿರಿಯುವುದು. ಮಳೆಗಾಲದಲ್ಲಿ ಅದು ಕಾಲನ್ನು ಹಿಡಿಯುವುದು; ಬೇಸಗೆಯ ಬಿರುಕುಗಳಲ್ಲಿ ಪಾದವೇ ಸಿಕ್ಕಿಕೊಳ್ಳುವುದು. ಆದುದರಿಂದ ಗರಡಿಗೂ ಅಂಕಣಕ್ಕೂ ಕೆಂಪು ಮಣ್ಣೇ ತಕ್ಕುದು. ಹದಮಾಡಿದ ಕೆಂಪು ಮಣ್ಣಿನ ಮೇಲೆ ಪಾದವು ಸ್ವಲ್ಪ ಜಾರುವುದು. ಆ ಜಾರುವಿಕೆಯಿಂದ ವೇಗ ಕುಂದುವುದು ನಿಜ; ಆದರೆ ಅದು ಮಂಡಿಯನ್ನು ಕಾಯುವುದೂ ಅಷ್ಟೇ ನಿಜ.

ಈಗ ದೊಡ್ಡ ಪಂದ್ಯಗಳು ನಡೆಯುವುದು ರಬ್ಬರಿನಂತಹ ಚಾಪೆಯ ಮೇಲೆ, ಕಾಲಿಗೆ ಬೂಟು ತೊಟ್ಟು. ಅಲ್ಲಿ ಘರ್ಷಣೆ ಹೆಚ್ಚು. ಅದು ತೂಕಕ್ಕೆ ಸಮನಾಗುವುದಾದರೆ, ಮಣ್ಣಿನ ಮೇಲೆ ಎರಡೂವರೆ ಮೀಟರು ಜಾರುತ್ತಿದ್ದವನು ಇಲ್ಲಿ ಒಂದೂಕಾಲು ಮೀಟರಿನಲ್ಲಿ ನಿಲ್ಲಬಲ್ಲನು. ಹುಸಿ ಹೆಜ್ಜೆಗೆ ಇದು ವರ. ಮಂಡಿಗೆ ಇದು ಪರೀಕ್ಷೆ. ಪಾದವು ನೆಲಕ್ಕೆ ಕಚ್ಚಿಕೊಂಡಿದ್ದು, ಮಂಡಿ ಹೆಚ್ಚುಕಡಿಮೆ ನೆಟ್ಟಗಿರುವಾಗ ಮೈ ತಿರುಗಿದರೆ, ತೊಡೆಯ ಎಲುಬನ್ನೂ ಮಂಡಿಯ ಕೆಳಗಿನ ಕಾಲಿನ ಎಲುಬನ್ನೂ ಬಿಗಿದಿರುವ ಅಡ್ಡ ಅಸ್ಥಿರಜ್ಜು ಹರಿಯಬಹುದು. ಹರಿದ ರಜ್ಜುವಿಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಆಮೇಲೆ ಹಲವು ತಿಂಗಳ ವಿಶ್ರಾಂತಿ. ಬೆಳಿಗ್ಗೆ ಹೊಲಕ್ಕೆ, ಸಂಜೆ ಅಂಕಣಕ್ಕೆ ಹೋಗುವ ತರುಣನಿಗೆ ಇದು ಆಟದ ನಷ್ಟವಷ್ಟೇ ಅಲ್ಲ, ದುಡಿಮೆಯ ನಷ್ಟವೂ ಹೌದು. ವರ್ಷವೆಲ್ಲ ಮಣ್ಣಿನಲ್ಲಿ ಆಡಿ, ಆಯ್ಕೆಯ ದಿನ ಮಾತ್ರ ಮೊದಲ ಬಾರಿಗೆ ಚಾಪೆಯನ್ನು ಮೆಟ್ಟುವವನು ಎಲ್ಲರಿಗಿಂತ ಹೆಚ್ಚಾಗಿ ಎಚ್ಚರದಿಂದಿರಬೇಕು. ಅವನ ಮೈ ಜಾರುವಿಕೆಯನ್ನು ನಿರೀಕ್ಷಿಸುವುದು, ಚಾಪೆ ಅದನ್ನು ಕೊಡದು.

ಪರಿಹಾರವು ದುಬಾರಿಯದಲ್ಲ. ಒಂದೇ ದೊಡ್ಡ ಹೆಜ್ಜೆಯಲ್ಲಿ ನಿಲ್ಲದೆ ಮೂರು ನಾಲ್ಕು ಚಿಕ್ಕ ಹೆಜ್ಜೆಗಳಲ್ಲಿ ವೇಗವನ್ನು ಕುಗ್ಗಿಸುವುದು. ತಿರುಗುವಾಗ ಮಂಡಿಯನ್ನೂ ಸೊಂಟವನ್ನೂ ಬಗ್ಗಿಸಿ ಮೈಯನ್ನು ತಗ್ಗಿಸುವುದು. ಮಂಡಿಯು ಒಳಕ್ಕೆ ಬಾಗದೆ ಪಾದದ ನೇರಕ್ಕೆ ಇರುವಂತೆ ನೋಡಿಕೊಳ್ಳುವುದು. ಒಂಟಿಕಾಲಿನ ಸಮತೋಲ, ಬೈಠಕ್ಕು, ಹಾರಿ ಮೆತ್ತಗೆ ಇಳಿಯುವುದು ಇವನ್ನು ದಿನವೂ ರೂಢಿಮಾಡುವುದು. ಇಂತಹ ೨೦ ನಿಮಿಷಗಳ ಪೂರ್ವವ್ಯಾಯಾಮವು ಕಾಲ್ಚೆಂಡಾಟದಲ್ಲಿ ಗಾಯಗಳನ್ನು ಗಮನಾರ್ಹವಾಗಿ ತಗ್ಗಿಸಿದೆ. ಗರಡಿಯ ಸಂಪ್ರದಾಯವಿರುವ ಊರಿಗೆ ಬೈಠಕ್ಕನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಅದು ಮಂಡಿಯ ಕಾವಲಿಗೂ ಬರುವುದೆಂದು ತಿಳಿಸಿದರೆ ಸಾಕು. ಜಾತ್ರೆಗಳಲ್ಲಿ ಬಹುಮಾನ ಕೊಡುವ ಹಿರಿಯರು, ಕೆಲವು ಊರುಗಳು ಕೂಡಿ ಒಂದು ಚಾಪೆಯನ್ನು ಕೊಳ್ಳುವಂತೆ ಮಾಡಿದರೆ, ಆ ಹಣವು ಯಾವ ಕಪ್ಪಿಗಿಂತಲೂ ಹೆಚ್ಚು ದಿನ ಬಾಳೀತು.

ಹುಸಿ ಹೆಜ್ಜೆ ಹಾಕಿದವನು ಗೆಲ್ಲುವುದು ಎದುರಾಳಿಯು ನಿಲ್ಲಲಾರದುದರಿಂದ. ಆದುದರಿಂದ ಕಬಡ್ಡಿ ಕಲಿಯುವವನು ಓಡುವುದಕ್ಕೆ ಮೊದಲು ನಿಲ್ಲುವುದನ್ನು ಕಲಿಯಲಿ. ನಿಲ್ಲಬಲ್ಲ ರಕ್ಷಕನು ಮೋಸಹೋಗನು. ನಿಲ್ಲಬಲ್ಲ ದಾಳಿಗಾರನು ಸಿಕ್ಕಿಬೀಳನು. ಇಬ್ಬರ ಮಂಡಿಗಳೂ ಮುಂದಿನ ಸುಗ್ಗಿಗೆ ಗಟ್ಟಿಯಾಗಿ ಉಳಿದಿರುವುವು.